ತಪ್ಪು ಇಂಗ್ಲಿಷ್‌ನವರೇ ಸೇರಿದರೆ ತಪ್ಪನ್ನೇ ಕಲಿಯುತ್ತೇವಾ?

ಪ್ರಶ್ನೆ: ನಾನು ಡಿ.ಎಲ್.ಇಡಿ (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಮೊದಲ ವರ್ಷದಲ್ಲಿದ್ದೇನೆ. ನಮ್ಮ ಬ್ಯಾಚಿನಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದವರು. ಇಂಗ್ಲಿಷ್ ಕಲಿಯಲು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಆದರೆ ಎಲ್ಲರೂ ತಪ್ಪು ಬರೆಯುವವರೇ. ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟಿಕೊಳ್ಳುವುದಿಲ್ಲವೇ?

ಉತ್ತರ: ನೀವು ಹೆದರುವಷ್ಟು ಅಂಟಿಕೊಳ್ಳುವುದಿಲ್ಲ. ಒಂದು ಜಾತಿಯ ತಪ್ಪು ಮಾತ್ರ ಅಂಟುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

1980ರ ದಶಕದಲ್ಲೇ ಅಮೆರಿಕದಲ್ಲಿ ಪ್ಯಾಟ್ರಿಷಿಯಾ ಪೋರ್ಟರ್ ಎಂಬ ಸಂಶೋಧಕಿ ಇದನ್ನು ಪರೀಕ್ಷಿಸಿ ನೋಡಿದರು. ಇಂಗ್ಲಿಷ್ ಕಲಿಯುತ್ತಿದ್ದ, ಸ್ಪ್ಯಾನಿಷ್ ಮನೆಮಾತಿನ ದೊಡ್ಡವರನ್ನು ಇಬ್ಬಿಬ್ಬರಾಗಿ ಕೂರಿಸಿ ಮಾತಾಡಿಸಿದರು. ಒಮ್ಮೆ ತಮ್ಮಂಥವರ ಜೊತೆ, ಇನ್ನೊಮ್ಮೆ ಇಂಗ್ಲಿಷ್ ಮನೆಮಾತಿನವರ ಜೊತೆ. ತಮ್ಮಂಥವರು ಎದುರಿಗಿದ್ದಾಗ ಮಾತು ಜಾಸ್ತಿಯಾಯಿತು, ತಪ್ಪು ಜಾಸ್ತಿಯಾಗಲಿಲ್ಲ. ಎದುರಿನವರ ತಪ್ಪನ್ನು ಎತ್ತಿಕೊಂಡಿದ್ದೂ ತೀರಾ ಕಡಿಮೆ.

ಇನ್ನೊಂದು ಕಥೆ ಕೆನಡಾದ್ದು. ಅಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳು ಶಾಲೆಯಲ್ಲಿ ವರ್ಷಗಟ್ಟಲೆ ಫ್ರೆಂಚ್‌ನಲ್ಲೇ ಪಾಠ ಕೇಳಿದರು. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಬಾಯಿ ಬಿಟ್ಟರೆ, ಪೆನ್ನು ಹಿಡಿದರೆ ವ್ಯಾಕರಣ ಕೈಕೊಡುತ್ತಿತ್ತು. ಕೇಳಿದ್ದು ಸಾಲದು, ಮಕ್ಕಳು ತಾವೇ ವಾಕ್ಯ ಕಟ್ಟುವ ಕಷ್ಟ ಪಡಬೇಕು ಎಂದು ಅಲ್ಲಿನ ಭಾಷಾ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ವಾದಿಸಿದರು. ಬರೆಯಲು ಹೊರಟಾಗಲೇ ಅಲ್ವಾ, ನಮಗೆ ಏನು ಬರುವುದಿಲ್ಲ ಅಂತ ಗೊತ್ತಾಗುವುದು?

ಶಿಕ್ಷಕರ ತರಬೇತಿಯಲ್ಲಿ ಪಾಠ ಮಾಡುವವಳಾಗಿ ನಾನು ನೋಡಿದ ಒಂದು ಗುಂಪಿನ ಮಾತು ಹೇಳುತ್ತೇನೆ. ಒಬ್ಬಳು ಬರೆದಳು: ‘ಲೆಟ್ ಅಸ್ ಡಿಸ್ಕಸ್ ಅಬೌಟ್ ದಿ ಲೆಸನ್.’ ಇನ್ನೊಬ್ಬ, ‘ಅಬೌಟ್ ಬೇಡ ಅನ್ಸುತ್ತೆ’ ಎಂದ. ‘ಯಾಕೆ? ಪಾಠದ ಬಗ್ಗೆ ಚರ್ಚೆ ಮಾಡೋಣ ಅಂತೀವಲ್ಲ, ಬಗ್ಗೆ ಅಂದ್ರೆ ಅಬೌಟೇ ತಾನೇ?’ ಅವಳು ಬಿಡಲಿಲ್ಲ. ಮೂರನೆಯವಳು ಕಲಿಯುವವರಿಗೆಂದೇ ಇರುವ ನಿಘಂಟಿನ ಪುಟ ಹಾಕಿದಳು. ಅದರಲ್ಲಿದ್ದ ಉದಾಹರಣೆಗಳಲ್ಲಿ ಡಿಸ್ಕಸ್ ಆದ ಮೇಲೆ ಅಬೌಟ್ ಇರಲಿಲ್ಲ. ಆದರೆ ಟಾಕ್ ಆದ ಮೇಲೆ ಇತ್ತು! ಇಪ್ಪತ್ತು ನಿಮಿಷ ಜಗಳ. ನಾನು ತರಗತಿಯಲ್ಲಿ ಅದನ್ನು ಎರಡು ಸಲ ಹೇಳಿಕೊಟ್ಟಿದ್ದೆ. ಯಾರಿಗೂ ನೆನಪಿರಲಿಲ್ಲ. ಈ ಜಗಳ ಮಾತ್ರ ಎಲ್ಲರಿಗೂ ನೆನಪಿದೆ.

ಈಗ ಅಂಟುವ ತಪ್ಪಿನ ವಿಷಯ. ಅದೇ ಗುಂಪಿನಲ್ಲಿ ತಡವಾಗಿ ಬಂದ ಮಗುವಿಗೆ ಏನು ಕೇಳುತ್ತೀರಿ ಎಂಬ ಪ್ರಶ್ನೆ ಬಂತು. ‘ವೈ ಯು ಆರ್ ಲೇಟ್?’ ಎಂದು ಒಬ್ಬ ಬರೆದ. ಹನ್ನೊಂದು ಜನ ಹೆಬ್ಬೆರಳು ಎತ್ತಿದರು. ‘ಯಾಕೆ ನೀನು ಲೇಟು?’ ಎನ್ನುವ ಕನ್ನಡದ ಓಟಕ್ಕೆ ಅದು ಸರಿಯಾಗಿ ಕೂರುತ್ತದಲ್ಲ, ಯಾರ ಕಿವಿಗೂ ಚುಚ್ಚಲಿಲ್ಲ. ‘ವೈ ಆರ್ ಯು ಲೇಟ್?’ ಆಗಬೇಕು ಎನ್ನಲು ಒಬ್ಬರಿಗಾದರೂ ಗೊತ್ತಿರಬೇಕಿತ್ತು. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ (ಸರಿಯಾದದ್ದು ‘ಐ ಹ್ಯಾವ್’) ಕೂಡ ಇದೇ ಥರ ಸುಮ್ನೆ ದಾಟಿಹೋಗುತ್ತದೆ. ಎಲ್ಲರ ಮನೆಮಾತೂ ಒಂದೇ ಆದಾಗ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಹಾಗಾಗಿ ನನ್ನ ಸಲಹೆ ಸ್ವಲ್ಪ ವಿಚಿತ್ರ: ಜಗಳ ಆದ ವಾಕ್ಯದ ಬಗ್ಗೆ ಚಿಂತೆ ಬೇಡ, ಎಲ್ಲರೂ ಒಪ್ಪಿದ ವಾಕ್ಯವನ್ನು ನಿಘಂಟಿನಲ್ಲಿ ನೋಡಿ.

ನೀವು ಇದಕ್ಕೆ ಜಾಸ್ತಿ ತಲೆಕೆಡಿಸಿಕೊಳ್ಳಲೇಬೇಕು. 2007-08ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ನಾಳೆ ನೀವು ‘ವೈ ಯು ಆರ್ ಲೇಟ್’ ಅಂದರೆ ಮೂವತ್ತು ಮಕ್ಕಳು ಅದನ್ನೇ ಅನ್ನುತ್ತಾರೆ. ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಇದನ್ನು ಹಿಡಿಯುವುದಿಲ್ಲ. ಅಲ್ಲಿ 150 ಅಂಕಗಳಲ್ಲಿ ಎರಡನೇ ಭಾಷೆಗೆ 30, ಅದೂ ಸರಿಯುತ್ತರ ಆರಿಸುವ ಪ್ರಶ್ನೆಗಳು. ಬಾಯಿ ಬಿಡುವ ಪ್ರಮೇಯವೇ ಇಲ್ಲ.

ಇನ್ನು ಗುಂಪು ನಡೆಸುವುದು. ನಲವತ್ತು ಜನರ ಗುಂಪಿನಲ್ಲಿ ನಾಲ್ವರು ಬರೆಯುತ್ತಾರೆ, ಉಳಿದವರು ಸೂರ್ಯೋದಯದ ಗುಡ್ ಮಾರ್ನಿಂಗ್ ಚಿತ್ರ ಕಳಿಸುತ್ತಾರೆ. ಐದಾರು ಜನರ ಚಿಕ್ಕ ಗುಂಪು ಮಾಡಿಕೊಳ್ಳಿ. ‘ಮೈ ಫೇವರಿಟ್ ಫೆಸ್ಟಿವಲ್’ ಥರದ ಪ್ರಬಂಧ ಕೊಡಬೇಡಿ, ಅದಕ್ಕೆ ಯಾರೂ ಉತ್ತರ ಬರೆಯುವುದಿಲ್ಲ. ಉತ್ತರ ಬೇಕೇಬೇಕು ಎನ್ನುವಂಥ ಕೆಲಸ ಕೊಡಿ. ಒಬ್ಬರ ಹತ್ತಿರ ಮಾತ್ರ ಒಂದು ಚಿತ್ರ ಇರಲಿ, ಸಂತೆಯದ್ದೋ ಬಸ್ ಸ್ಟ್ಯಾಂಡಿನದ್ದೋ. ಉಳಿದವರು ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳಿ ಕೇಳಿ ಅದನ್ನು ಕಾಗದದ ಮೇಲೆ ಬಿಡಿಸಲಿ. ಕೊನೆಗೆ ಎಲ್ಲರ ಚಿತ್ರಗಳನ್ನೂ ಪಕ್ಕಪಕ್ಕ ಹಾಕಿದಾಗ ಬರುವ ನಗು ಇದೆಯಲ್ಲ, ಮರುದಿನ ಎಲ್ಲರೂ ತಾವಾಗಿಯೇ ಬರುತ್ತಾರೆ. ಇಂಟರ್ನ್‌ಶಿಪ್ ಶುರುವಾದ ಮೇಲೆ ಇನ್ನೂ ಸುಲಭ. ನಾಳೆಯ ಪಾಠದ ಮೊದಲ ಎರಡು ನಿಮಿಷದಲ್ಲಿ ಆಡುವ ಇಂಗ್ಲಿಷ್ ಮಾತನ್ನು ಇವತ್ತು ರಾತ್ರಿಯೇ ವಾಯ್ಸ್ ನೋಟ್ ಮಾಡಿ ಹಾಕಿ.

ಚಾಟ್‌ಜಿಪಿಟಿ? ಬಳಸಿ, ಆದರೆ ನಿಮ್ಮ ವಾಕ್ಯ ಬರೆದ ಮೇಲೆ. ಅದರ ನುಣುಪಾದ ಪ್ಯಾರಾ ತಂದು ಅಂಟಿಸಿದ ದಿನ ಗುಂಪು ತಣ್ಣಗಾಗುವುದನ್ನು ಕಂಡಿದ್ದೇನೆ. ಅಷ್ಟು ಚೆಂದದ ಇಂಗ್ಲಿಷ್‌ಗೆ ಎದುರುತ್ತರ ಬರೆಯಲು ಯಾರಿಗೆ ಧೈರ್ಯ?

ಗುಂಪಿಗೆ ನಿಮ್ಮ ಉಪನ್ಯಾಸಕರನ್ನು ಸೇರಿಸಬೇಕಾ ಅಂತಲೂ ಕೇಳುತ್ತಿರಬಹುದು. ನಾನು ಸೇರಿದ ದಿನವೇ ನಮ್ಮ ಹುಡುಗರ ಗುಂಪು ಬಾಯಿ ಮುಚ್ಚಿತು. ವಾರದ ನಂತರ ನಾನಿಲ್ಲದ ಇನ್ನೊಂದು ಗುಂಪು ಮಾಡಿಕೊಂಡಿದ್ದಾರೆ ಅಂತ ಗೊತ್ತಾಯಿತು. ಒಳ್ಳೆಯದೇ ಆಯಿತು ಅಂತ ನಾನೇ ಹೊರಬಂದೆ. ಈಗ ಪ್ರತಿ ಶನಿವಾರ ಅವರಲ್ಲೊಬ್ಬಳು ಒಂದು ಚೀಟಿ ತಂದುಕೊಡುತ್ತಾಳೆ. ಅದರಲ್ಲಿ ಮೂರು ವಾಕ್ಯ, ‘ಎಲ್ಲರೂ ಸರಿ ಅಂದಿದ್ದಾರೆ ಮೇಡಂ, ನೀವೊಮ್ಮೆ ನೋಡಿ’ ಅಂತ.