ಸೂಜಿಗಲ್ಲಿನ ಚಿತ್ತಾರ ಅಚ್ಚಿಗೆ ಯಾಕೆ ಒಗ್ಗಲಿಲ್ಲ?

ಹೊಳೆಯುವ ಚೂರುಗಳನ್ನು ಬೆರೆಸಿ, ಸೂಜಿಗಲ್ಲು ಹಿಡಿದು ಮೂಡಿಸುವ ಚಿತ್ತಾರವನ್ನು ಜಯನಗರದ ನೇಲ್ ಸ್ಟುಡಿಯೋದಲ್ಲಿ 'ಕ್ಯಾಟ್ ಐ' ಅಂತಾರೆ. ರೆಸಿನ್ (ಅಚ್ಚಿಗೆ ಸುರಿದರೆ ಗಟ್ಟಿಯಾಗುವ ಅಂಟಿನಂಥ ದ್ರವ) ಬಳಸಿ ಮಾಡಿದ ಟ್ರೇ, ಕೋಸ್ಟರ್ ಮಾರುವವರ ಬಾಯಲ್ಲಿ ಅದು 'ಮ್ಯಾಗ್ನೆಟಿಕ್ ಎಫೆಕ್ಟ್'. ಪೀಣ್ಯದ ಪ್ಲಾಸ್ಟಿಕ್ ಮೋಲ್ಡಿಂಗ್ ಶೆಡ್ಡಿಗೆ ಹೋಗಿ ಕೇಳಿದರೆ, ಡೈಯಲ್ಲಿ (ಅಂದರೆ ಅಚ್ಚಿನಲ್ಲಿ) ಅದೆಲ್ಲ ಬರಲ್ಲ, ಪೇಂಟಲ್ಲಿ ಮಾಡಿಸ್ಕೊಳ್ಳಿ ಅನ್ನುವ ಉತ್ತರವೇ ಜಾಸ್ತಿ. ಮೂರು ಕಡೆಯೂ ಮಾತು ಒಂದೇ ವಿದ್ಯೆಯದು. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಸಾಲದ್ದಕ್ಕೆ, ಸೂಜಿಗಲ್ಲಿನ ಹತ್ತಿರವೂ ಸುಳಿಯದ ಪ್ರಿಂಟೆಡ್ ಫಿಲ್ಮಿಗೂ ಈಗ 'ಮ್ಯಾಗ್ನೆಟಿಕ್' ಎಂಬ ಹೆಸರು ಅಂಟಿಕೊಂಡಿದೆ.

ಸ್ಕೂಲಿನಲ್ಲಿ ಹಾಳೆಯ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಕೆಳಗೆ ಸೂಜಿಗಲ್ಲು ಹಿಡಿದ ನೆನಪು ನಿಮಗೂ ಇರಬೇಕು. ಎಳೆ ಎಳೆಯಾಗಿ ರಂಗೋಲಿ ಮೂಡುತ್ತಿತ್ತು. ಹಾಳೆ ಅಲುಗಿದರೆ ಮುಗೀತು. ಮೈಕೆಲ್ ಫ್ಯಾರಡೆಗೂ ಇದೇ ತಲೆನೋವು. 1850ರ ಆಸುಪಾಸಿನಲ್ಲಿ ಆತ ಮೇಣ ಸವರಿದ ಕಾಗದದ ಮೇಲೆ ಪುಡಿ ಉದುರಿಸಿ, ಮೇಣ ಕರಗಿಸಿ, ಚಿತ್ರವನ್ನು ಅಲ್ಲೇ ಹಿಡಿದಿಟ್ಟ. ಆ ಮೇಣದ ಜಾಗಕ್ಕೆ ಆಮೇಲೆ ಪೇಂಟ್ ಬಂತು: ಕಬ್ಬಿಣದ ಗುಣವಿರುವ ಚಪ್ಪಟೆ ಚೂರುಗಳನ್ನು ಪೇಂಟಿನೊಳಗೆ ಸಾಲಾಗಿ ನಿಲ್ಲಿಸುವ ವಿಧಾನಕ್ಕೆ ಅಮೆರಿಕದ ಡುಪಾಂಟ್ ಕಂಪನಿ 1947ರಲ್ಲೇ ಪೇಟೆಂಟ್ ಪಡೆದಿತ್ತು. 1980ರ ದಶಕದಲ್ಲಿ ಪುಟ್ಟದಾದರೂ ಬಲು ಜೋರಾದ ನಿಯೋಡಿಮಿಯಂ ಮ್ಯಾಗ್ನೆಟ್ ಬಂತು, ಇದೇ ವಿದ್ಯೆಯಿಂದ 2013ರ 5 ಯೂರೋ ನೋಟಿನಲ್ಲಿ ಹಸಿರು ಅಂಕಿಯ ಮೇಲೆ ಬೆಳಕು ಮೇಲೆ ಕೆಳಗೆ ಓಡತೊಡಗಿತು, ನಂತರ ಉಗುರು, ಆಮೇಲೆ ಟ್ರೇ. (ನಮ್ಮ 500ರ ನೋಟಿನ ಅಂಕಿಯೂ ಓರೆ ಮಾಡಿದರೆ ಹಸಿರಿನಿಂದ ನೀಲಿಗೆ ತಿರುಗುತ್ತದೆ. ಅದು ಬಣ್ಣ ಬದಲಾಗುವ ಆಟ, ಬೆಳಕು ಓಡುವ ಆಟವಲ್ಲ.)

ಎಲ್ಲದರ ಗುಟ್ಟು ಒಂದೇ. ಚೂರು ಮಲಗಿದ್ದರೆ ಹೊಳೆಯುತ್ತದೆ, ಎದ್ದು ನಿಂತರೆ ಕಪ್ಪಗೆ ಕಾಣುತ್ತದೆ. ಯಾವ ಚೂರು ಮಲಗಬೇಕು, ಯಾವುದು ನಿಲ್ಲಬೇಕು ಅಂತ ಹೇಳುವುದಷ್ಟೇ ಸೂಜಿಗಲ್ಲಿನ ಕೆಲಸ. ಅವನ್ನು ಹಾಗೇ ಹಿಡಿದಿಡುವುದು ರೆಸಿನ್ನಿನ ಕೆಲಸ. ಕಷ್ಟ ಇರುವುದು ಈ ಎರಡನೆಯದರಲ್ಲಿ.

ಎಪಾಕ್ಸಿ ಅನ್ನುವ ರೆಸಿನ್ನಿಗೆ, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬೆರೆಸಿದ ಮೇಲೆ ಅದು ಸಕ್ಕರೆ ಪಾಕದ ಹಾಗೆ. ನೀರಾಗಿರುವಾಗ ಸೂಜಿಗಲ್ಲು ತೋರಿಸಿದರೆ ಚಿತ್ತಾರ ಪಟ್ಟನೆ ಮೂಡುತ್ತದೆ, ತೆಗೆದ ಮೇಲೆ ನಿಧಾನಕ್ಕೆ ಕದಡಿ ಹೋಗುತ್ತದೆ. ಗಟ್ಟಿಯಾದ ಮೇಲೆ ತೋರಿಸಿದರೆ ಚೂರುಗಳು ಮಿಸುಕುವುದೇ ಇಲ್ಲ. ನಡುವೆ ಒಂದೆಳೆ ಪಾಕದಂಥ ಹದ ಬರುತ್ತದೆ. ಕಡ್ಡಿ ಅದ್ದಿ ಎತ್ತಿದರೆ ಎಳೆ ಬರಬೇಕು, ಕಡಿಯಬಾರದು. ಮೈಸೂರು ಪಾಕ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಏಪ್ರಿಲ್‌ನಲ್ಲಿ ಆ ಹದ ಬೇಗ ಬಂದು ಬೇಗ ಹೋಗುತ್ತದೆ, ಡಿಸೆಂಬರಿನಲ್ಲಿ ಕಾಯಿಸುತ್ತದೆ. ಸುಮ್ನೆ ಬಿಟ್ಟರೆ ಇನ್ನೊಂದು ಕಾಟ. ಪುಡಿಯಲ್ಲಿರುವ ಕಬ್ಬಿಣದ ಆಕ್ಸೈಡಿನ ತೂಕ ನೀರಿನ ಸುಮಾರು 5 ಪಟ್ಟು, ರೆಸಿನ್ನಿನದು ನೀರಿಗಿಂತ ತುಸುವೇ ಜಾಸ್ತಿ. ಪುಡಿ ತಳ ಸೇರುತ್ತದೆ.

ಆಸೆಗೆ ನಾನೂ ಮನೆಯಲ್ಲಿ ಆರು ಕೋಸ್ಟರ್ ಹಾಕಿದೆ. ಎಸ್‌ಪಿ ರೋಡಿನಿಂದ ತಂದ ಬಿಲ್ಲೆ ಮ್ಯಾಗ್ನೆಟ್ಟನ್ನು ಅಚ್ಚಿನ ಕೆಳಗೆ ಒತ್ತಿ ಹಿಡಿದೆ. ಸುತ್ತಲಿನ ಪುಡಿಯೆಲ್ಲ ನಡುವಿಗೆ ಓಡಿಬಂದು ಮುಳ್ಳುಹಂದಿಯ ಹಾಗೆ ಎದ್ದು ನಿಂತಿತು, ಅಂಚು ಬೋಳಾಯಿತು. ಹತ್ತಿರ ಹಿಡಿದರೆ ಸೂಜಿಗಲ್ಲು ಚೂರನ್ನು ತಿರುಗಿಸುವ ಬದಲು ಎಳೆದುಕೊಂಡೇ ಬಿಡುತ್ತದೆ. ಎರಡು ಬೆರಳು ದೂರ ಹಿಡಿದಾಗಲೇ ನಾಲ್ಕನೆಯದು ಸರಿ ಬಂದದ್ದು.

ಇದನ್ನೇ ಕಾರ್ಖಾನೆಗೆ ಒಯ್ದಾಗ ಸಮಸ್ಯೆ ತಿರುವುಮುರುವಾಗುತ್ತದೆ. ಇಂಜೆಕ್ಷನ್ ಮೋಲ್ಡಿಂಗಿನಲ್ಲಿ, ಅಂದರೆ ಕರಗಿದ ಪ್ಲಾಸ್ಟಿಕ್ಕನ್ನು ಡೈಯೊಳಗೆ ಒತ್ತಿ ತುಂಬುವ ಕೆಲಸದಲ್ಲಿ, 200 ಡಿಗ್ರಿ ದಾಟಿದ ಪ್ಲಾಸ್ಟಿಕ್ ತಣ್ಣಗಿನ ಡೈಗೆ ತಾಗಿದ ಕೂಡಲೇ ಮೇಲ್ಪದರ ಕೆನೆಗಟ್ಟಿಬಿಡುತ್ತದೆ. ಚಿತ್ತಾರ ಬೇಕಾಗಿದ್ದದ್ದು ಆ ಪದರದಲ್ಲೇ, ಅಲ್ವಾ? ಮೇಲಾಗಿ, ನುಗ್ಗುವ ರಭಸಕ್ಕೆ ಚೂರುಗಳು ಆಗಲೇ ಹರಿವಿನ ದಿಕ್ಕಿಗೆ ಮಲಗಿರುತ್ತವೆ. ಎರಡು ಹರಿವು ಸೇರುವ ಕಡೆ ಕಪ್ಪು ಗೆರೆ ಬೀಳುತ್ತದೆ. ಡೈ ಮಾಡುವವರು ಬೈದುಕೊಳ್ಳುವ ವೆಲ್ಡ್ ಲೈನ್ ಅದೇ. ಇನ್ನು ಉಕ್ಕಿನ ಡೈ ಸೂಜಿಗಲ್ಲಿನ ಬಲವನ್ನು ತಾನೇ ಕುಡಿದುಬಿಡುತ್ತದೆ. ಆ ಜಾಗಕ್ಕೆ ಅಲ್ಯೂಮಿನಿಯಂ ಅಥವಾ ತಾಮ್ರದ ಮಿಶ್ರಲೋಹದ ತುಂಡು ಕೂರಿಸಬೇಕು. ಮಾಮೂಲಿ ನಿಯೋಡಿಮಿಯಂ 80 ಡಿಗ್ರಿ ದಾಟಿದರೆ ಸೊರಗುತ್ತದೆ. ಶಾಖ ತಡೆಯುವ ಸಮೇರಿಯಂ ಕೋಬಾಲ್ಟ್ ದುಬಾರಿ.

ಡೈಯನ್ನು ಬಿಸಿಯಾಗಿಟ್ಟು ಕೆನೆಗಟ್ಟುವುದನ್ನು ತಡ ಮಾಡಬಹುದು. ಹಾಗೆ ಮಾಡಿದರೆ ಒಂದೊಂದು ಪೀಸಿಗೂ ಹೆಚ್ಚು ಸೆಕೆಂಡು ಹಿಡಿಯುತ್ತದೆ. ಪೀಸಿನ ಲೆಕ್ಕದಲ್ಲಿ ಬಿಲ್ ಆಗುವ ಕಡೆ ಆ ಸೆಕೆಂಡುಗಳಿಗೆ ದುಡ್ಡು ಕೊಡುವವರಿಲ್ಲ. ಹಾಗಾಗಿ ಅಚ್ಚಾದ ಮೇಲೆ ಪೇಂಟ್ ಹೊಡೆದು, ಒಣಗುವ ಮುಂಚೆ ಸೂಜಿಗಲ್ಲು ಹಿಡಿಯುವ ದಾರಿ ಹಗುರ. ಅದಕ್ಕಿಂತ ಹಗುರವಾದದ್ದು ಫಿಲ್ಮ್ ಅಂಟಿಸುವುದು. ಹದ ಕಾಯುವ ಕೈಕೆಲಸಕ್ಕೂ ಫಿಲ್ಮಿಗೂ ಒಂದೇ ಹೆಸರು ಬಂದದ್ದು ಹೀಗೆ.

ಕೊಳ್ಳುವಾಗ ಟ್ರೇಯನ್ನು ಕಿಟಕಿಯ ಹತ್ತಿರ ಹಿಡಿದು ನಿಧಾನಕ್ಕೆ ಓರೆ ಮಾಡಿ. ಬೆಳಕಿನ ಪಟ್ಟಿ ಜಾಗ ಬಿಟ್ಟು ಸರಿಯಬೇಕು. ಸುಮ್ಮನೆ ಬಣ್ಣದಲ್ಲಿ ಬರೆದ ಪಟ್ಟಿ ಇದ್ದಲ್ಲೇ ಇರುತ್ತದೆ. ಆಮೇಲೆ ಅದೇ ಡಿಸೈನಿನ ಇನ್ನೊಂದು ಟ್ರೇ ಕೇಳಿ, ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಗೆರೆ ಕೂದಲೆಳೆಯಷ್ಟೂ ಆಚೀಚೆ ಇಲ್ಲದಿದ್ದರೆ, ಅದು ಕೈಯಲ್ಲಿ ಹದ ನೋಡಿ ಮಾಡಿದ್ದಲ್ಲ.