ಬಣ್ಣ ಆಮೇಲೆ, ಮೊದಲು ಸ್ವರ

ಮನೆಯ ಸಾಮಾನಿನಿಂದ ವಾದ್ಯ ಮಾಡುವ ನಮ್ಮ ಮಕ್ಕಳ ಶಿಬಿರದಲ್ಲಿ ಹೋದ ಬೇಸಿಗೆ ಇಬ್ಬರು ಹುಡುಗರು ಒಂದೇ ಗಾಜಿನ ಬಾಟಲಿಗೆ ಜಗಳ ತೆಗೆದಿದ್ದರು. ಒಬ್ಬನ ಕೈಯಲ್ಲಿ ಚಮಚ. ಬಾಟಲಿಗೆ ಟಣ್ ಅಂತ ಬಡಿದು, ‘ಅಕ್ಕಾರ, ನೀರ ಹಾಕಿದಂಗೆಲ್ಲಾ ದನಿ ಇಳಿತದ್ರಿ’ ಅಂದ. ಇನ್ನೊಬ್ಬ ಅದನ್ನು ಕಸಿದುಕೊಂಡು ಬಾಯಿಗೆ ತುಟಿ ಹಚ್ಚಿ ಊದಿ, ‘ಸುಳ್ಳ ಹೇಳ್ತಾನ್ರಿ, ಏರ್ತದ್ರಿ’ ಅಂದ. ನಾನು ತೀರ್ಪು ಕೊಡಲಿಲ್ಲ. ಬಡಿದವನಿಗೆ ಊದಲು ಹೇಳಿದೆ, ಊದಿದವನ ಕೈಗೆ ಚಮಚ ಕೊಟ್ಟೆ. ಎರಡು ನಿಮಿಷ ಇಬ್ಬರೂ ಸುಮ್ಮನಾದರು. ಆಮೇಲೆ ಇಬ್ಬರೂ ಕೂಡಿ ಬಾಟಲಿಯನ್ನು ಖಾಲಿ ಮಾಡಿ ಮೊದಲಿನಿಂದ ಶುರು ಹಚ್ಚಿಕೊಂಡರು.

ಇಬ್ಬರ ಮಾತೂ ಖರೆ. ಬಡಿದಾಗ ನಡುಗುವುದು ಗಾಜು. ನೀರು ತುಂಬಿದಷ್ಟೂ ಗಾಜಿಗೆ ಭಾರ, ನಡುಕ ನಿಧಾನ, ದನಿ ದಪ್ಪ. ಊದಿದಾಗ ನಡುಗುವುದು ಒಳಗಿನ ಗಾಳಿ. ನೀರು ಏರಿದಷ್ಟೂ ಗಾಳಿಗೆ ಜಾಗ ಸಾಲದು, ನಡುಕ ಚುರುಕು, ದನಿ ಸಣ್ಣದು. ಜಲತರಂಗದವರು ಪಿಂಗಾಣಿ ಬಟ್ಟಲುಗಳಿಗೆ ಒಂದಿಷ್ಟು ನೀರು ಹಾಕಿ, ಒಂದಿಷ್ಟು ತೆಗೆದು ಸ್ವರ ಕೂಡಿಸುವುದು ಬಡಿದ ಹುಡುಗನ ಲೆಕ್ಕದಲ್ಲಿ. ‘ಏನು ನಡುಗುತ್ತಿದೆ?’ ಎಂಬ ಈ ಒಂದು ಪ್ರಶ್ನೆ ಮಗುವಿನ ತಲೆಗೆ ಹೊಕ್ಕರೆ ಯಾವ ವಾದ್ಯವನ್ನು ಕೈಗೆ ಕೊಟ್ಟರೂ ಅದು ತಾನೇ ದಾರಿ ಹುಡುಕುತ್ತದೆ.

ನಾನು ಧಾರವಾಡದಲ್ಲಿ ಮಕ್ಕಳಿಗೆ ಹಾಡು ಮತ್ತು ಹಾರ್ಮೋನಿಯಮ್ ಕಲಿಸುತ್ತೇನೆ. ಏಪ್ರಿಲ್ ಬಂತೆಂದರೆ ತಾಯಂದಿರ ಫೋನು: ‘ಅಕ್ಕಾರ, ರಜಾದಾಗ ಹುಡುಗೂರಿಗೆ ಏನರ ಮಾಡಸ್ರಿ, ಮೊಬೈಲ್ ಬಿಡವಲ್ವು.’ ಮನೆಯಲ್ಲಿರುವ ಡಬ್ಬಿ, ದಾರ, ಪೈಪುಗಳಿಂದ ವಾದ್ಯ ಮಾಡಿಸುವುದು ಹಾಗೆ ಶುರುವಾಯಿತು. ಮೊದಲ ವರ್ಷ ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಬಣ್ಣ, ಮಿಂಚಿನ ಪುಡಿ, ಬಣ್ಣದ ಹಾಳೆ ಎಲ್ಲ ತರಿಸಿದ್ದೆ. ಮಕ್ಕಳು ಬೂಟಿನ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ ನಾಲ್ಕು ದಿನ ಬಣ್ಣ ಬಳಿದು ಚೆಂದನೆಯ ಗಿಟಾರು ಮಾಡಿದವು. ಕೊನೆಯ ದಿನ ಪಾಲಕರು ಫೋಟೋ ತೆಗೆದರು. ನುಡಿಸಿ ಅಂದಾಗ ಎಲ್ಲ ಡಬ್ಬಿಗಳಿಂದಲೂ ಒಂದೇ ಟಪ್ ಟಪ್. ಎರಡನೆಯ ಇಯತ್ತೆಯ ಹುಡುಗಿಯೊಬ್ಬಳು ತನ್ನ ಗಿಟಾರಿನ ಎಲ್ಲ ರಬ್ಬರನ್ನೂ ಒಂದೊಂದಾಗಿ ಮೀಟಿ, ‘ಇದರಾಗ ಸಾ ಯಾವ್ದ್ರಿ?’ ಅಂತ ಕೇಳಿದಳು. ಅದರಲ್ಲಿ ಸಾ ಇರಲಿಲ್ಲ. ಆ ನಾಲ್ಕು ದಿನ ನಾನು ಕಲಿಸಿದ್ದು ಚಿತ್ರಕಲೆ.

ಅಂದಿನಿಂದ ನಮ್ಮ ಶಿಬಿರದಲ್ಲಿ ಬಣ್ಣದ ಡಬ್ಬಿ ಕೊನೆಯ ದಿನವೇ ತೆರೆಯುವುದು. ವಾದ್ಯ ಸ್ವರಕ್ಕೆ ಕೂಡಬೇಕು, ಕೂಡಿದೆಯೋ ಇಲ್ಲವೋ ಎಂದು ಮಗುವಿನ ಕಿವಿಯೇ ಹೇಳಬೇಕು. ಹಾರ್ಮೋನಿಯಮ್ ಸಿದ್ಧವಾಗಿಯೇ ಬರುತ್ತದೆ, ಅದರ ಸ್ವರ ಸರಿ ಇದೆಯೆಂದು ನಂಬಿ ಒತ್ತುತ್ತೇವೆ. ತಂಬೂರಿ ಹಾಗಲ್ಲ, ಕುಳಿತವರು ತಾವೇ ತಂತಿಯನ್ನು ಸ್ವರಕ್ಕೆ ಹಚ್ಚಿಕೊಳ್ಳಬೇಕು. ಧಾರವಾಡದ ಎಷ್ಟೋ ಮನೆಗಳಲ್ಲಿ ಮಕ್ಕಳು ಹಾಡುವುದಕ್ಕಿಂತ ಮೊದಲು ಕೇಳಿದ್ದು ತಂಬೂರಿ ಹಚ್ಚುವ ದನಿಯನ್ನು. ಮನೆಯಲ್ಲೇ ಮಾಡಿದ ಸಣ್ಣ ವಾದ್ಯ ಆ ಕೆಲಸವನ್ನು ಆರೇಳು ವರ್ಷದ ಮಗುವಿನ ಕೈಗೆ ತಂದುಕೊಡುತ್ತದೆ.

ರಬ್ಬರ್ ಬ್ಯಾಂಡಿನಲ್ಲಿ ಸಾ ಯಾಕೆ ಸಿಗಲಿಲ್ಲ ಎಂಬುದು ನನಗೂ ಆಮೇಲೆ ತಿಳಿಯಿತು. ತಂತಿ ಬಿಗಿ ಮಾಡಿದರೆ ಸ್ವರ ಏರುತ್ತದೆ, ರಬ್ಬರಿಗೂ ಅದೇ ನಿಯಮ ಎಂದುಕೊಂಡಿದ್ದೆ. ಆದರೆ ರಬ್ಬರನ್ನು ಎಳೆದಾಗ ಬಿಗಿ ಹೆಚ್ಚುವುದರ ಜೊತೆಗೆ ನಡುಗುವ ಉದ್ದವೂ ಹೆಚ್ಚುತ್ತದೆ. ಬಿಗಿ ಏರಿಸಿದ್ದನ್ನು ಉದ್ದ ಇಳಿಸುತ್ತದೆ, ದನಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಅದಕ್ಕೆ ಈಗ ರಬ್ಬರನ್ನು ಖಾಲಿ ಫೇಡೆ ಡಬ್ಬಿಗೆ ಒಮ್ಮೆ ಹಾಕಿದ ಮೇಲೆ ಎಳೆಯುವುದಿಲ್ಲ. ಅದರ ಕೆಳಗೆ ಒಂದು ಪೆನ್ಸಿಲ್ ತೂರಿಸಿ ಅತ್ತಿತ್ತ ಸರಿಸುತ್ತೇವೆ. ಪೆನ್ಸಿಲ್ ಸರಿಯಾಗಿ ನಡುವೆ ಬಂದಾಗ ಎರಡೂ ಬದಿಯಲ್ಲಿ ಒಂದೇ ಸ್ವರ, ಪೂರ್ತಿ ರಬ್ಬರಿನದಕ್ಕಿಂತ ಒಂದು ಸಪ್ತಕ ಮೇಲೆ, ಅಂದರೆ ಅದು ಸಾ ಆದರೆ ಇದು ಮೇಲಿನ ಸಾ. ಸ್ಕೇಲು ಹಿಡಿಯದೆ ಬರಿ ಕಿವಿಯಿಂದ ನಡುವನ್ನು ಹುಡುಕಿಸಿ, ಆಮೇಲೆ ಸ್ಕೇಲಿನಿಂದ ಅಳೆಸಿ ನೋಡಿ. ಮಕ್ಕಳ ಕಿವಿ ಎಷ್ಟು ಸೂಕ್ಷ್ಮ ಎಂದು ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ಮೆಚ್ಚಿನದು ಪೈಪಿನ ವಾದ್ಯ. ಮನೆ ವೈರಿಂಗಿಗೆ ಹಾಕುವ 20 ಎಂಎಂ ಪ್ಲಾಸ್ಟಿಕ್ ಪೈಪು ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುತ್ತದೆ. 10 ಅಡಿಯ ಒಂದು ಪೈಪಿನಲ್ಲಿ ಎರಡು ವಾದ್ಯ ಆಗುತ್ತವೆ. ಎಂಟು ತುಂಡು ಕತ್ತರಿಸಿ, ಪ್ರತಿಯೊಂದರ ಒಂದು ತುದಿಯನ್ನು ಎಂ-ಸೀಲಿನಿಂದ (ಕಲಸಿ ಹಚ್ಚಿದರೆ ಗಟ್ಟಿಯಾಗುವ ಅಂಟು) ಮುಚ್ಚಿ, ಇನ್ನೊಂದು ತುದಿಯ ಅಂಚಿನ ಮೇಲೆ ಬಾಟಲಿ ಊದಿದ ಹಾಗೆ ಊದಬೇಕು. ಒಳಗಿನ ಉದ್ದ ಸಾ ಗೆ 18 ಸೆಂಟಿಮೀಟರ್ ಇಟ್ಟುಕೊಂಡರೆ ಲೆಕ್ಕ ಬಹಳ ಸುಲಭ: ರಿ 16, ಗ 14.4, ಮ 13.5, ಪ 12, ಧ 10.8, ನಿ 9.6, ಮೇಲಿನ ಸಾ 9. ಅರ್ಧ ಉದ್ದಕ್ಕೆ ಮೇಲಿನ ಸಾ, ಮೂರರಲ್ಲಿ ಎರಡು ಭಾಗಕ್ಕೆ ಪ, ನಾಲ್ಕರಲ್ಲಿ ಮೂರು ಭಾಗಕ್ಕೆ ಮ. ಭಿನ್ನರಾಶಿ ಅಂದರೆ ಮುಖ ಕಿವುಚುತ್ತಿದ್ದ ಐದನೆಯ ಇಯತ್ತೆಯ ಹುಡುಗ ಈ ಲೆಕ್ಕವನ್ನು ಪೈಪಿನ ಮೇಲೆ ಗುರುತು ಹಾಕುತ್ತ ತಾನೇ ಮಾಡಿದ. ಮುಚ್ಚಳಕ್ಕೆಂದು ಪ್ರತಿ ತುಂಡಿಗೂ ಒಂದೂವರೆ ಸೆಂಟಿಮೀಟರ್ ಹೆಚ್ಚಿಗೆ ಬಿಡುವುದನ್ನು ಮರೆಯಬೇಡಿ. ಗರಗಸ ಹಿಡಿಯುವುದು ಮತ್ತು ಎಂ-ಸೀಲ್ ಕಲಸುವುದು ದೊಡ್ಡವರ ಕೆಲಸ. ಕತ್ತರಿಸಿದ ಅಂಚನ್ನು ಉಪ್ಪು ಕಾಗದದಿಂದ ಉಜ್ಜುವುದು ಮಕ್ಕಳದು, ಉಜ್ಜದಿದ್ದರೆ ತುಟಿಗೆ ಗೀರು ಬೀಳುತ್ತದೆ. ಚಿಕ್ಕವರಿದ್ದರೆ ಮ ಮತ್ತು ನಿ ಬಿಟ್ಟುಬಿಡಿ. ಭೂಪ ರಾಗಕ್ಕೆ ಉಳಿದವೇ ಸಾಕು.

ಇಷ್ಟು ಅಳತೆ ಹಿಡಿದು ಕತ್ತರಿಸಿದರೂ ಮೇಲಿನ ಸಾ ಸ್ವಲ್ಪ ಇಳಿದೇ ಇರುತ್ತದೆ. ಗಾಳಿ ಪೈಪಿನ ಬಾಯಿಂದ ತುಸು ಹೊರಗೂ ಚಾಚಿ ನಡುಗುತ್ತದೆ. ಆ ತುಸುವೇ ಎಲ್ಲ ತುಂಡಿಗೂ ಸರಿಸುಮಾರು ಸಮ, ಹಾಗಾಗಿ ಗಿಡ್ಡ ತುಂಡಿನ ಮೇಲೆ ಅದರ ಪರಿಣಾಮ ಹೆಚ್ಚು. ಇಲ್ಲಿ ನಾವು ಜೋಳದ ಡಬ್ಬಿ ತೆಗೆಯುತ್ತೇವೆ. ಇಳಿದ ಪೈಪಿನೊಳಗೆ ಒಂದೊಂದೇ ಕಾಳು ಹಾಕುತ್ತ ಊದಿ ನೋಡುವುದು. ಕಾಳು ತಳ ತುಂಬಿದಂತೆ ಒಳಗಿನ ಗಾಳಿ ಗಿಡ್ಡವಾಗಿ ಸ್ವರ ಮೇಲೇರುತ್ತದೆ. ಹೆಚ್ಚಾಯಿತೋ, ಎರಡು ಕಾಳು ತೆಗೆದರಾಯಿತು. ನಾನು ಹಾರ್ಮೋನಿಯಮ್ಮಿನಲ್ಲಿ ಸ್ವರ ಹಿಡಿದು ಕುಳಿತಿರುತ್ತೇನೆ, ಬೇರೆ ಏನೂ ಹೇಳುವುದಿಲ್ಲ. ಕಳೆದ ಸಲ ಒಬ್ಬಳು ಹನ್ನೊಂದು ಕಾಳು ಹಾಕಿ ತಲೆ ಅಲ್ಲಾಡಿಸಿದಳು, ಹನ್ನೆರಡನೆಯದು ಹಾಕಿ ಊದಿದಾಗ ಅವಳ ಮುಖ ನೋಡಿಯೇ ಸ್ವರ ಕೂಡಿತೆಂದು ಗೊತ್ತಾಯಿತು. ನನ್ನ ಕಿವಿಗೆ ಅದು ತಲುಪಿದ್ದು ಆಮೇಲೆ. ಕೂಡಿದ ಮೇಲೆ ಕಾಳು ತೆಗೆದು ಅಷ್ಟೇ ಎತ್ತರಕ್ಕೆ ಮೇಣ ಹಾಕಿಕೊಡುತ್ತೇನೆ, ಇಲ್ಲವಾದರೆ ಪೈಪು ತಿರುವಿದ ಕೂಡಲೇ ಸ್ವರ ನೆಲಕ್ಕೆ ಚೆಲ್ಲುತ್ತದೆ.

ತಂತಿವಾದ್ಯಕ್ಕೆ ನಮ್ಮ ಕಡೆಯೇ ಮಾದರಿ ಇದೆ. ಸವದತ್ತಿ ಎಲ್ಲಮ್ಮನ ಪದ ಹಾಡುವ ಜೋಗತಿಯರ ಚೌಡಿಕೆ, ಗೀಗೀ ಪದದವರ ತುಂತುಣಿ, ಎರಡರಲ್ಲೂ ತಂತಿ ಹೊರಡುವುದು ಚರ್ಮದ ನಡುವಿನಿಂದ. ಮೀಟಿದರೆ ಚರ್ಮವೇ ಮಾತಾಡುತ್ತದೆ. ನಾವು ಹಾಲಿನ ಪುಡಿಯ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಮಾಡಿ, ನೈಲಾನ್ ದಾರದ ತುದಿಗೆ ಅಂಗಿಯ ಗುಂಡಿ ಕಟ್ಟಿ ತೂತಿನೊಳಗಿಂದ ಎಳೆಯುತ್ತೇವೆ. ಡಬ್ಬಿಯ ಬದಿಗೆ ಬಿದಿರಿನ ಬಡಿಗೆ ಕಟ್ಟಿ ದಾರದ ಇನ್ನೊಂದು ತುದಿಯನ್ನು ಅದರ ತಲೆಗೆ ಬಿಗಿಯುತ್ತೇವೆ. ಬಡಿಗೆಯನ್ನು ಡಬ್ಬಿಯ ಕಡೆ ಬಾಗಿಸಿದರೆ ದಾರ ಸಡಿಲಾಗಿ ಸ್ವರ ಇಳಿಯುತ್ತದೆ, ಬಿಟ್ಟರೆ ಏರುತ್ತದೆ. ಮಕ್ಕಳು ಇದನ್ನು ಹಿಡಿದರೆ ಅರ್ಧ ತಾಸು ಕೆಳಗಿಡುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಕೈಯಲ್ಲೇ ಸಿಕ್ಕಿರುತ್ತದೆ. ಡಬ್ಬಿಯ ಬಾಯಿಯ ಅಂಚಿಗೆ ಮಾತ್ರ ಟೇಪು ಸುತ್ತಿ ಕೊಡಿ.

ಕಾಳಿನ ಗಿಲಕಿಯನ್ನು ಎಲ್ಲರೂ ಮಾಡಿಸುತ್ತಾರೆ. ನಾನು ಅದರಲ್ಲಿ ಒಂದೇ ಒಂದು ಬದಲಾವಣೆ ಮಾಡುತ್ತೇನೆ: ಹೊರಗಿನಿಂದ ಒಂದೇ ತರಹದ ಹನ್ನೆರಡು ಡಬ್ಬಿ, ಆರು ಬಗೆಯ ಕಾಳು, ಪ್ರತಿ ಬಗೆಯೂ ಎರಡೆರಡು ಡಬ್ಬಿಯಲ್ಲಿ. ಸಾಸಿವೆ, ನವಣೆ, ಜೋಳ, ಹೆಸರು, ಕಡಲೆ, ಹುಣಸೆಬೀಜ. ಕಣ್ಣು ಮುಚ್ಚಿ ಅಲ್ಲಾಡಿಸಿ ಜೋಡಿ ಹಚ್ಚಬೇಕು. ಹುಣಸೆಬೀಜ ಎಲ್ಲರಿಗೂ ಸಿಗುತ್ತದೆ. ಸಾಸಿವೆ ಮತ್ತು ನವಣೆಯ ನಡುವೆ ನಾನೂ ತಪ್ಪಿದ್ದೇನೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳು ತಲೆಮಾರುಗಳಿಂದ ಹಾಡು, ವಾದ್ಯ ಕಲಿಯುತ್ತ ಬಂದಿದ್ದಾರೆ. ಅಲ್ಲಿ ಕಲಿಸಿದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಪುಟ್ಟರಾಜರು ಅನೇಕ ವಾದ್ಯಗಳನ್ನು ನುಡಿಸುತ್ತಿದ್ದರು ಎಂದು ಹೇಳಿದಾಗ ಮಕ್ಕಳು ತಮ್ಮ ಮುಚ್ಚಿದ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತವೆ. ಮೂರು ವರ್ಷದೊಳಗಿನ ಕೂಸುಗಳಿದ್ದ ಮನೆಯಲ್ಲಿ ಈ ಡಬ್ಬಿಗಳ ಮುಚ್ಚಳವನ್ನು ಅಂಟಿಸಿಯೇ ಇಡಿ. ಕಾಳು ಮೂಗಿಗೆ, ಗಂಟಲಿಗೆ ಹೋಗುವುದಕ್ಕೆ ಒಂದು ಕ್ಷಣ ಸಾಕು.

ಇನ್ನು ಬಾರಿಸುವ ವಾದ್ಯ. ಹುಬ್ಬಳ್ಳಿಯ ಹೋಳಿಯಲ್ಲಿ ಜಗ್ಗಲಗಿ ನೋಡಿದ ಮಕ್ಕಳಿಗೆ ಅದರ ಬಗ್ಗೆ ಹೇಳಿಕೊಡುವುದೇ ಬೇಡ. ಚಕ್ಕಡಿ ಗಾಲಿಯಷ್ಟು ದೊಡ್ಡ ಬಳೆಗೆ ಚರ್ಮ ಬಿಗಿದ ಆ ವಾದ್ಯದ ದನಿ ಎದೆಗೇ ತಾಗುತ್ತದೆ. ನಮ್ಮದು ಸಣ್ಣದು. ಅಗಲ ಬಾಯಿಯ ಡಬ್ಬಿಗೆ ಬಲೂನಿನ ಕತ್ತು ಕತ್ತರಿಸಿ ಬಿಗಿಯಾಗಿ ತೊಡಿಸಿ ದಾರ ಸುತ್ತಿದರೆ ಆಯಿತು. ಬೆರಳಿನಿಂದ ಬಾರಿಸಿದರೆ ಟಪ್ಪೆನ್ನುತ್ತದೆ, ಗುಂಯ್ಗುಡುವುದಿಲ್ಲ. ಆಗ ಅಡುಗೆಮನೆಯಿಂದ ಚಪಾತಿಯ ಕಣಕ ತರಿಸುತ್ತೇನೆ. ಹುಣಸೆಬೀಜದಷ್ಟು ಚಿವುಟಿ ಬಲೂನಿನ ನಟ್ಟನಡುವೆ ಅಂಟಿಸಿ ಮತ್ತೆ ಬಾರಿಸಿದರೆ ದನಿ ಇಳಿದು ದುಂ ಎನ್ನುತ್ತದೆ. ಇನ್ನೊಂದು ಚೂರು, ಇನ್ನೂ ಇಳಿಯುತ್ತದೆ. ಬದಿಗೆ ಸರಿಸಿದರೆ ದನಿ ಕೆಡುತ್ತದೆ. ಎರಡೂ ಬದಿಗೆ ಚರ್ಮವಿರುವ ಪಖವಾಜಿನ ಎಡಬದಿಗೆ ಗೋಧಿ ಹಿಟ್ಟು ಹಚ್ಚುವುದು ಇದಕ್ಕೇ. ತಬಲಾದ ನಡುವೆ ಮೆತ್ತಿದ ಕಪ್ಪು ಲೇಪ, ಅಂದರೆ ಶಾಯಿಯೂ ಇದೇ ಕುಲದ್ದು. ಅದರಿಂದ ಚರ್ಮದ ಒರಟು ದನಿ ಹೇಗೆ ಸ್ವರವಾಗುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲೇ ವಿವರಿಸಿದ್ದರು.

ಒಬ್ಬ ಹುಡುಗ ಮರುದಿನ ಡಬ್ಬಿ ಹಿಡಿದುಕೊಂಡು ಬೇಜಾರಿನಿಂದ ಬಂದ. ಕಣಕ ಒಣಗಿ ಬಿರುಕು ಬಿಟ್ಟು ಉದುರಿತ್ತು, ದನಿ ಮತ್ತೆ ಟಪ್ಪಾಗಿತ್ತು. ‘ಕೆಟ್ಟು ಹೋತ್ರಿ ಅಕ್ಕಾರ’ ಅಂದ. ಭಜನೆಗೆ ಪಖವಾಜ ನುಡಿಸುವವರು ರಾತ್ರಿ ಭಜನೆ ಮುಗಿದ ಮೇಲೆ ಹಿಟ್ಟನ್ನು ಕೆರೆದು ತೆಗೆಯುತ್ತಾರೆ, ಮತ್ತೆ ಕುಳಿತಾಗ ಹೊಸದಾಗಿ ಕಲಸಿ ಹಚ್ಚುತ್ತಾರೆ ಎಂದು ಹೇಳಿದೆ. ಅವನು ಸ್ವಲ್ಪ ಹೊತ್ತು ಡಬ್ಬಿ ನೋಡಿದ. ಆಮೇಲೆ ಉಗುರಿನಿಂದ ಒಣ ಹಿಟ್ಟನ್ನು ಪೂರ್ತಿ ಕೆರೆದು ತೆಗೆದು, ‘ಹಿಟ್ಟು ಎಲ್ಲೈತ್ರಿ?’ ಅಂತ ಕೇಳುತ್ತ ಒಳಗೆ ನಡೆದ.