ಅತ್ತಿಗೆಯ ಮಾತ್ರೆ ಡಬ್ಬಿ

ಎರಡು ವರ್ಷದ ಹಿಂದೆ ದೀಪಾವಳಿಗೆ ದಾವಣಗೆರೆಗೆ ಹೋಗಿದ್ದೆ. ಊಟ ಆದಮೇಲೆ ಅತ್ತಿಗೆ ಒಂದು ಸ್ಟೀಲ್ ಡಬ್ಬಿ ತಂದು ಟೇಬಲ್ ಮೇಲೆ ಬೋರಲು ಹಾಕಿದರು. ಚಕ್ಕುಲಿ ಬೀಳುತ್ತೆ ಅಂದುಕೊಂಡರೆ ಬಿದ್ದಿದ್ದು ಮಾತ್ರೆ. ಒಂಬತ್ತು ಬಗೆ. ಬಿ ಕಾಂಪ್ಲೆಕ್ಸ್ ಎರಡು ಥರದ್ದು, ನರಕ್ಕೆ ಅಂತ ಒಂದು, ಕೂದಲಿಗೆ ಅಂತ ಬಯೋಟಿನ್, ಮೆಗ್ನೀಸಿಯಂ, ಮೀನೆಣ್ಣೆ, ಕಬ್ಬಿಣ, ಹಾಲಿಗೆ ಬೆರೆಸಿ ಕುಡಿಯುವ ಡಿ ವಿಟಮಿನ್ ಪುಡಿ, ಮತ್ತೆ ಎಲ್ಲಕ್ಕಿಂತ ದುಬಾರಿಯದು ಕೋಎನ್‌ಜೈಮ್ ಕ್ಯೂ10. "ನೀನು ವಿಜ್ಞಾನ ಓದ್ತೀಯಲ್ಲ, ಯಾವುದು ಇಟ್ಕೊಳ್ಳಲಿ, ಯಾವುದು ಬಿಸಾಕಲಿ ಹೇಳು" ಅಂದರು.

ಅವರಿಗಿರುವುದು ಕ್ರಾನಿಕ್ ಫಟೀಗ್ ಸಿಂಡ್ರೋಮ್. ಚಿಕೂನ್‌ಗುನ್ಯಾ ಬಂದು ಹೋಯಿತು, ಕೀಲುನೋವು ಕೆಲವು ತಿಂಗಳಲ್ಲಿ ಇಳಿಯಿತು, ಸುಸ್ತು ಮಾತ್ರ ಮನೆಯಲ್ಲೇ ಉಳಿದುಕೊಂಡಿತು. "ಸುಸ್ತು ಯಾರಿಗೆ ಆಗಲ್ಲ ಹೇಳಿ" ಅನ್ನುವ ನೆಂಟರಿಗೆ ಉತ್ತರ ಕೊಟ್ಟು ಕೊಟ್ಟು ಇನ್ನಷ್ಟು ಸುಸ್ತಾಗಿದ್ದಾರೆ. ನಮ್ಮ ಸುಸ್ತು ಮಲಗಿ ಎದ್ದರೆ ಹೋಗುತ್ತೆ. ಅವರದ್ದು ಹೋಗಲ್ಲ. ಇವತ್ತು ನಾಲ್ಕು ಬೆಡ್‌ಶೀಟ್ ಒಗೆದರೆ ಇವತ್ತು ಏನೂ ಆಗಲ್ಲ. ನಾಳೆಯೋ ನಾಡಿದ್ದೋ ಕಾಲು ಎತ್ತಿಡಲಾಗದ ಹಾಗೆ ಮಲಗಿಸುತ್ತೆ. ಈ ತಡವಾಗಿ ಬರುವ ಹೊಡೆತವೇ ಕಾಯಿಲೆಯ ಮುಖ್ಯ ಗುರುತು. ಸೈಕಲ್ ತುಳಿಸಿ ಉಸಿರು ಅಳೆಯುವ ಪರೀಕ್ಷೆಯನ್ನು ಎರಡು ದಿನ ಬೆನ್ನುಬೆನ್ನಿಗೆ ಮಾಡಿ ನೋಡಿದ್ದಾರೆ. ವ್ಯಾಯಾಮವೇ ಮಾಡದ, ಆದರೆ ಆರೋಗ್ಯವಾಗಿರುವ ಜನ ಎರಡನೇ ದಿನವೂ ಹೆಚ್ಚುಕಮ್ಮಿ ಅಷ್ಟೇ ತುಳಿಯುತ್ತಾರೆ. ಈ ರೋಗಿಗಳಲ್ಲಿ ಹಲವರ ಅಳತೆ ಕುಸಿದಿರುತ್ತೆ. ಸೋಮಾರಿತನಕ್ಕೆ ಇಂಥ ಗ್ರಾಫ್ ಬರಲ್ಲ.

ವೈರಸ್ ಆದಮೇಲೆ ಹೀಗಾಗುವುದು ಹೊಸದೇನಲ್ಲ. ಆಸ್ಟ್ರೇಲಿಯಾದ ಡಬ್ಬೋ ಅನ್ನುವ ಊರಿನ ಸುತ್ತಮುತ್ತ ಸೋಂಕು ತಗುಲಿದ 253 ಮಂದಿಯನ್ನು ಹಿಂಬಾಲಿಸಿ ನೋಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ನೂರಕ್ಕೆ ಸುಮಾರು ಹನ್ನೊಂದು ಮಂದಿಗೆ ಈ ಕಾಯಿಲೆ ಇತ್ತು. ಅಲ್ಲಿದ್ದ ಮೂರು ಸೋಂಕಿನಲ್ಲಿ ಒಂದು ರಾಸ್ ರಿವರ್ ವೈರಸ್, ನಮ್ಮ ಚಿಕೂನ್‌ಗುನ್ಯಾದ ದಾಯಾದಿ. ಅದೇ 2006ರಲ್ಲಿ ನಮ್ಮ ಹಳ್ಳಿಹಳ್ಳಿಯಲ್ಲೂ ಜನ ಬಗ್ಗಿಕೊಂಡು ನಡೆದಿದ್ದು ನೆನಪಿದೆ ಅಲ್ವಾ?

ಸರಿ, ಮಾತ್ರೆಗೆ ಬರೋಣ. ಅದಕ್ಕೂ ಮೊದಲು ಒಬ್ಬರ ಕಥೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ಯಲ್ಲಾಪ್ರಗಡ ಸುಬ್ಬರಾವ್. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದವರು. ಇಬ್ಬರು ಅಣ್ಣತಮ್ಮಂದಿರು ಸ್ಪ್ರೂ ಅನ್ನುವ ಕಾಯಿಲೆಯಿಂದ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಕರುಳು ಆಹಾರವನ್ನು ಹೀರಿಕೊಳ್ಳದೆ ಮನುಷ್ಯ ರಕ್ತ ಬತ್ತಿ ಸೊರಗುವ ರೋಗ ಅದು. ಸುಬ್ಬರಾವ್ ಅಮೆರಿಕಕ್ಕೆ ಹೋದರು. ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಸೇರಿ 1929ರಲ್ಲಿ ಸ್ನಾಯುವಿನಿಂದ ಎಟಿಪಿಯನ್ನು, ಅಂದರೆ ಜೀವಕೋಶಗಳು ಶಕ್ತಿಗೆ ಬಳಸುವ ವಸ್ತುವನ್ನು, ಬೇರ್ಪಡಿಸಿ ತೋರಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ತಮ್ಮ ಪಾಡಿಗೆ ಅದನ್ನೇ ಕಂಡುಹಿಡಿದಿದ್ದರು. ಆಮೇಲೆ ಔಷಧ ಕಂಪನಿ ಸೇರಿದ ಸುಬ್ಬರಾವ್ ಅವರ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ತಯಾರಿಸಿತು. ಅಣ್ಣತಮ್ಮಂದಿರನ್ನು ಕೊಂದ ಸ್ಪ್ರೂಗೆ ಅದೇ ಮದ್ದಾಯಿತು. ಆ ವಿಟಮಿನ್‌ನ ಜಾಡು ಮೊದಲು ಸಿಕ್ಕಿದ್ದು ಬೊಂಬಾಯಿಯಲ್ಲಿ. ಲೂಸಿ ವಿಲ್ಸ್ ಅನ್ನುವ ವೈದ್ಯೆ ಅಲ್ಲಿಯ ಬಟ್ಟೆ ಗಿರಣಿಯ ಬಸುರಿ ಹೆಂಗಸರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು 1931ರಲ್ಲಿ ತೋರಿಸಿದ್ದರು.

ಅತ್ತಿಗೆಯ ಡಬ್ಬಿಗೂ ಇದಕ್ಕೂ ಏನು ಸಂಬಂಧ? ಇದೆ. ಸುಬ್ಬರಾವ್ ಕೈಗೆ ಸಿಕ್ಕಿದ್ದು ಎರಡು ಬೇರೆ ಬೇರೆ ವಸ್ತು. ಒಂದು ಕಮ್ಮಿ ಆದರೆ ತುಂಬಿಸಬಹುದಾದ ವಿಟಮಿನ್. ಇನ್ನೊಂದು ಶಕ್ತಿಯ ಚಿಲ್ಲರೆ ಕಾಸು, ಎಟಿಪಿ. ಮೊದಲನೆಯದರ ಗೆಲುವು ಎಷ್ಟು ದೊಡ್ಡದಾಗಿತ್ತು ಅಂದರೆ, ಎರಡನೆಯದನ್ನೂ ಹಾಗೇ ಮಾತ್ರೆಯಿಂದ ತುಂಬಿಸಬಹುದು ಅಂತ ನಾವು ನಂಬಿಬಿಟ್ಟೆವು. ಸುಸ್ತು ಅಂದರೆ ಏನೋ ಕಮ್ಮಿ ಆಗಿದೆ, ಹಾಕಿದರೆ ಸರಿಹೋಗುತ್ತೆ. "ತಾಕತ್ತಿನ ಇಂಜೆಕ್ಷನ್", "ಗ್ಲೂಕೋಸ್ ಬಾಟಲಿ" ಎಲ್ಲ ಇದೇ ನಂಬಿಕೆಯ ಮಕ್ಕಳು.

ಎಟಿಪಿಯನ್ನು ತುಂಬಿಡಲು ಆಗಲ್ಲ. ಒಂದು ಹೊತ್ತಿಗೆ ಮೈಯಲ್ಲಿ ಇರುವುದು ಬೊಗಸೆ ತುಂಬದಷ್ಟು. ಅದನ್ನೇ ಒಡೆದು, ಮತ್ತೆ ಕಟ್ಟಿ, ಮತ್ತೆ ಒಡೆದು, ದಿನಕ್ಕೆ ಹೆಚ್ಚುಕಮ್ಮಿ ನಮ್ಮ ತೂಕದಷ್ಟು ಓಡಿಸುತ್ತೇವೆ. ಕಟ್ಟುವ ಕೆಲಸ ಜೀವಕೋಶದೊಳಗಿನ ಮೈಟೊಕಾಂಡ್ರಿಯದ್ದು. ಅಲ್ಲಿ ಒಂದು ಪೊರೆ ಇದೆ. ಪೊರೆಯ ಒಂದು ಬದಿಗೆ ಪ್ರೋಟಾನ್‌ಗಳನ್ನು ಪಂಪ್ ಮಾಡಿ ಪೇರಿಸುತ್ತಾರೆ. ಲಿಂಗನಮಕ್ಕಿಯಲ್ಲಿ ನೀರು ನಿಂತ ಹಾಗೆ. ಅವು ವಾಪಸ್ ಇಳಿಯಲು ಮುಖ್ಯ ದಾರಿ, ಒಂದು ಪುಟ್ಟ ಟರ್ಬೈನ್ ಮೂಲಕ. ಟರ್ಬೈನ್ ಅಂತ ಸುಮ್ನೆ ಹೇಳ್ತಿಲ್ಲ. ಅದು ನಿಜವಾಗಿ ತಿರುಗುತ್ತೆ. 1997ರಲ್ಲಿ ಜಪಾನಿನವರು ಅದಕ್ಕೊಂದು ಹೊಳೆಯುವ ಎಳೆ ಅಂಟಿಸಿ, ಅದು ಗಿರಗಿರ ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಂದು ಸುತ್ತಿಗೆ ಮೂರು ಎಟಿಪಿ.

ಪಂಪ್ ಓಡಿಸಲು ಎಲೆಕ್ಟ್ರಾನ್‌ಗಳು ಕೈಯಿಂದ ಕೈಗೆ ಹೋಗಬೇಕು. ಮೊದಲ ನಿಲ್ದಾಣಗಳಿಂದ ಮೂರನೆಯದಕ್ಕೆ ಹೊತ್ತು ಹಾಕುವ ಕೂಲಿಯೇ ನಮ್ಮ ಕ್ಯೂ10. 1957ರಲ್ಲಿ ವಿಸ್ಕಾನ್ಸಿನ್‌ನ ಫ್ರೆಡರಿಕ್ ಕ್ರೇನ್ ದನದ ಹೃದಯದಿಂದ ಇದನ್ನು ತೆಗೆದರು. ಕೂಲಿ ಅನ್ನುವುದಕ್ಕಿಂತ ಮಗ್ಗದ ಲಾಳಿ ಅನ್ನಿ, ಅದು ಇನ್ನೂ ಸರಿ. ಆ ಕಡೆ, ಈ ಕಡೆ, ಆ ಕಡೆ. ಈಗ ಯೋಚಿಸಿ. ಬಟ್ಟೆ ಬರ್ತಿಲ್ಲ. ಲಾಳಿ ಮುರಿದಿದ್ದರೆ ಹೊಸ ಲಾಳಿ ತಂದರೆ ಆಯಿತು. ಹಾಸಿನ ನೂಲೇ ಕಿತ್ತುಹೋಗಿದ್ದರೆ? ಮಾಲೀಕ ಕರೆಂಟ್ ಕಡಿದು ಬೀಗ ಹಾಕಿದ್ದರೆ? ಹತ್ತು ಲಾಳಿ ತಂದು ಸುರಿದರೂ ಒಂದು ಗೇಣು ಬಟ್ಟೆ ಬರಲ್ಲ. ಇನ್ನೊಂದು ಹೋಲಿಕೆ ಸಾಕು ಅಂದರೂ ಹೇಳಿಬಿಡ್ತೀನಿ, ಟೈರ್ ಪಂಚರ್ ಆದ ಬಸ್ಸಿಗೆ ಎಷ್ಟು ಕಂಡಕ್ಟರ್ ಹತ್ತಿದರೇನು?

ಬೀಗ ಹಾಕಿರುವುದು ಯಾರು ಅನ್ನುವ ಹುಡುಕಾಟ ಈಗ ರೋಗನಿರೋಧಕ ವ್ಯವಸ್ಥೆ ಮತ್ತು ನರಮಂಡಲದ ಕಡೆ ತಿರುಗಿದೆ. 2025ರಲ್ಲಿ ಬ್ರಿಟನ್ನಿನ ಡಿಕೋಡ್‌ಎಂಇ ಅಧ್ಯಯನ 15 ಸಾವಿರಕ್ಕೂ ಜಾಸ್ತಿ ರೋಗಿಗಳ ಡಿಎನ್‌ಎ ನೋಡಿ, ಅದರಲ್ಲಿ ಈ ಕಾಯಿಲೆಗೆ ನಂಟಿರುವ ಎಂಟು ಜಾಗ ಗುರುತಿಸಿತು. ಅದು ಬೆರಳು ತೋರಿಸಿದ್ದೂ ಅತ್ತಲೇ.

ಹಾಗಂತ ಮಾತ್ರೆ ಯಾರೂ ಪರೀಕ್ಷಿಸಿಲ್ಲ ಅಂತಲ್ಲ. 1990ರಲ್ಲಿ ಸ್ಕಾಟ್ಲೆಂಡ್‌ನಲ್ಲಿ 63 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೀನೆಣ್ಣೆ ಮತ್ತು ಈವ್ನಿಂಗ್ ಪ್ರಿಮ್ರೋಸ್ ಅನ್ನುವ ಗಿಡದ ಎಣ್ಣೆ ಸೇರಿಸಿ ಕೊಟ್ಟರು. ಮೂರು ತಿಂಗಳಲ್ಲಿ ಅವರಲ್ಲಿ ನೂರಕ್ಕೆ 85 ಮಂದಿ ಸುಧಾರಿಸಿದೆವು ಅಂದರು. ಹುಸಿ ಮಾತ್ರೆ ತಿಂದವರಲ್ಲಿ ನೂರಕ್ಕೆ 17. ಭಾರಿ ಸುದ್ದಿ! 1999ರಲ್ಲಿ ಬೇರೆಯವರು 50 ಮಂದಿಯ ಮೇಲೆ ಮತ್ತೆ ಮಾಡಿದರು. ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ. 1991ರಲ್ಲಿ ಮೆಗ್ನೀಸಿಯಂ ಇಂಜೆಕ್ಷನ್ ಕೊಟ್ಟ 15 ಮಂದಿಯಲ್ಲಿ 12 ಮಂದಿ ಉಪಯೋಗವಾಯಿತು ಅಂದರು, ಆದರೆ ಈ ರೋಗಿಗಳಿಗೆ ಮೆಗ್ನೀಸಿಯಂ ಕಮ್ಮಿ ಇರುತ್ತೆ ಅನ್ನುವ ಮೂಲ ಮಾತು ಆಮೇಲೆ ಪರೀಕ್ಷಿಸಿ ನೋಡಿದವರಿಗೆ ನಿಜ ಅಂತ ಕಾಣಲಿಲ್ಲ. ಬಾರ್ಸಿಲೋನಾದವರು 207 ಮಂದಿಯ ಪರೀಕ್ಷೆಯಲ್ಲಿ ಒಂದು ಗುಂಪಿಗೆ ಕ್ಯೂ10 ಜೊತೆ ಎನ್‌ಎಡಿಎಚ್ ಅನ್ನುವ, ಎಲೆಕ್ಟ್ರಾನ್ ಹೊರುವ ಇನ್ನೊಂದು ವಸ್ತು ಸೇರಿಸಿ 12 ವಾರ ಕೊಟ್ಟಾಗ ಸುಸ್ತಿನ ಅಂಕದಲ್ಲಿ ಸ್ವಲ್ಪ ಇಳಿತ ಕಂಡಿತು. ಸ್ವಲ್ಪ. ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ನೇರವಾಗಿ ಹೇಳಿತು: ವಿಟಮಿನ್, ಖನಿಜದ ಮಾತ್ರೆಗಳಿಂದ ಈ ಕಾಯಿಲೆ ವಾಸಿಯಾಗುತ್ತೆ ಅನ್ನಲು ಸಾಕಷ್ಟು ಪುರಾವೆ ಇಲ್ಲ. ಮನೆಯಿಂದ ಹೊರಗೆ ಬರಲಾಗದವರಿಗೆ ಡಿ ವಿಟಮಿನ್ ಕಮ್ಮಿ ಆಗಬಹುದು, ಅದನ್ನು ಗಮನಿಸಿ ಅಂತಲೂ ಹೇಳಿತು.

ತಿಂದರೆ ನಷ್ಟ ಏನು, ಅಂತ ಕೇಳುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆ ರಾತ್ರಿ ಕನ್ನಡಕ ಏರಿಸಿ ಪಟ್ಟಿಗಳ ಹಿಂದಿನ ಇರುವೆ ಅಕ್ಷರ ಓದುತ್ತಾ ಕೂತೆ. ಬಿ6 ಮೂರು ಪಟ್ಟಿಯಲ್ಲಿತ್ತು. ದಿನಕ್ಕೆ ಬೇಕಾಗಿರುವುದು 2 ಮಿಲಿಗ್ರಾಂ ಆಸುಪಾಸು. ಬಿ ವಿಟಮಿನ್ ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತೆ ಅನ್ನುವ ಮಾತು ಹಳದಿ ಬಣ್ಣ ಬರಿಸುವ ಬಿ2ಗೆ ಸರಿ, ಬಿ6ಗೆ ಅಲ್ಲ. ದಿನಾ ಗ್ರಾಂಗಟ್ಟಲೆ ಬಿ6 ನುಂಗಿ ಕೈಕಾಲು ಜೋಮು ಹಿಡಿದು, ನಡಿಗೆ ತಪ್ಪಿದ ಏಳು ಮಂದಿಯ ಬಗ್ಗೆ ಅಮೆರಿಕದ ವೈದ್ಯರು 1983ರಲ್ಲೇ ಬರೆದಿದ್ದಾರೆ. ಡಿ ವಿಟಮಿನ್ ಪುಡಿ ಪೊಟ್ಟಣಕ್ಕೆ 60,000 ಯೂನಿಟ್, ವಾರಕ್ಕೊಂದು ಅಂತ ಬರೆದುಕೊಡುವುದು. ಅದನ್ನು ದಿನಾ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಆಗುವ ಸುಸ್ತು, ವಾಕರಿಕೆ ಬೇರೆ.

ಬಯೋಟಿನ್ ಕಥೆ ಇನ್ನೂ ಮಜಾ. ಅತ್ತಿಗೆಗೆ ಥೈರಾಯ್ಡ್ ಜಾಸ್ತಿ ಅಂತ ರಿಪೋರ್ಟ್ ಬಂದಿತ್ತು. ಹಲವು ಲ್ಯಾಬ್ ಪರೀಕ್ಷೆಗಳು ಬಯೋಟಿನ್ನನ್ನೇ ಅಂಟಿನ ಹಾಗೆ ಬಳಸುತ್ತವೆ. ರಕ್ತದಲ್ಲೇ ಅದು ತುಂಬಿದ್ದರೆ ಲೆಕ್ಕ ತಲೆಕೆಳಗಾಗುತ್ತೆ, ಥೈರಾಯ್ಡ್ ಜಾಸ್ತಿಯಾದಾಗ ಇಳಿಯುವ ಟಿಎಸ್‌ಎಚ್ ಅನ್ನುವ ಹಾರ್ಮೋನು ಸುಳ್ಳಾಗಿ ಕಮ್ಮಿ ತೋರಿಸುತ್ತೆ. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ, "ಕೂದಲಿಗೆ ಏನಾದ್ರೂ ತಗೋತಿದೀರಾ?" ಒಂದು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ನೆಟ್ಟಗಿತ್ತು.

ಉಳಿಯಬೇಕಾದ್ದು ಯಾವುದು? ಪರೀಕ್ಷೆಯಲ್ಲಿ ಕಮ್ಮಿ ಬಂದದ್ದು. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಅವರಿಗೆ ತೀರಾ ಕೆಳಗಿತ್ತು, ಕಬ್ಬಿಣ ಉಳಿಯಿತು. ಅದನ್ನೂ ಚಹಾದ ಜೊತೆ ನುಂಗುತ್ತಿದ್ದರು, ಚಹಾ ಕಬ್ಬಿಣವನ್ನು ಕರುಳಿಗೆ ಹತ್ತಲು ಬಿಡಲ್ಲ. ಈಗ ನಿಂಬೆ ಪಾನಕದ ಜೊತೆ. ಮಾಂಸ, ಮೊಟ್ಟೆ ಮುಟ್ಟದವರು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳುವವರು ಬಿ12 ನೋಡಿಸಲೇಬೇಕು. ಇವು ಮೂಲ ಕಾಯಿಲೆಗೆ ಮದ್ದಲ್ಲ, ಅದರ ಮೇಲೆ ಹೇರಿಕೊಂಡಿರುವ ಇನ್ನೊಂದು ಮೂಟೆ ಇಳಿಸುತ್ತವೆ ಅಷ್ಟೇ.

ಕ್ಯೂ10 ಬಿಡಲು ಮಾತ್ರ ಅತ್ತಿಗೆ ಒಪ್ಪಲಿಲ್ಲ. "ಅಷ್ಟು ದುಡ್ಡು ಕೊಟ್ಟಿದೀನಿ ಕಣೋ." ಸರಿ, 12 ವಾರ ನೋಡೋಣ ಅಂತ ಮಾತಾಯಿತು. ಡಾಕ್ಟರೂ ಹೂಂ ಅಂದರು. ದಿನಾ ರಾತ್ರಿ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ, ಹಾಲಿನ ಲೆಕ್ಕದ ಪಕ್ಕ, ಆ ದಿನದ ತಾಕತ್ತಿಗೆ ಹತ್ತಕ್ಕೆ ಇಂತಿಷ್ಟು ಅಂತ ಅಂಕ ಹಾಕುವುದು. ಮೂರನೇ ವಾರ 6, 7 ಬಂತು, ಫೋನಿನಲ್ಲಿ ದನಿಯೇ ಬೇರೆ ಇತ್ತು. ಐದನೇ ವಾರ ಸತತ 2. ಮಾತ್ರೆ ಒಂದೂ ತಪ್ಪಿಸಿರಲಿಲ್ಲ. ಕ್ಯಾಲೆಂಡರ್ ಫೋಟೊ ಕಳಿಸಿ ಅಂದೆ. 2 ಶುರುವಾಗಿದ್ದು ಒಂದು ಗುರುವಾರ, ಮಂಗಳವಾರದ ಚೌಕದಲ್ಲಿ ಸಣ್ಣದಾಗಿ "ಮದುವೆ" ಅಂತಿತ್ತು. ಹಿಂದೆ ಹೋದರೆ ಇನ್ನೊಂದು ಗುಂಡಿ, ಅದಕ್ಕೆ ಎರಡು ದಿನ ಮೊದಲು "ಬ್ಯಾಂಕ್, ಸಂತೆ".

ಈಗ ಬ್ಯಾಂಕ್ ಒಂದು ದಿನ, ಸಂತೆ ಇನ್ನೊಂದು ದಿನ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದನ್ನೇ ಡಾಕ್ಟರುಗಳು ಪೇಸಿಂಗ್ ಅನ್ನುತ್ತಾರೆ. ತರಕಾರಿ ಹೆಚ್ಚಲು ಸ್ಟೂಲ್ ಬಂದಿದೆ. ಬೆಡ್‌ಶೀಟ್ ಅಣ್ಣನ ಪಾಲಿಗೆ. ಕ್ಯೂ10 ಬಾಟಲಿ ಮುಗಿದಾಗ ಮತ್ತೆ ತರಿಸಲಿಲ್ಲ, ತರಿಸಬೇಡಿ ಅಂತ ನಾನೂ ಹೇಳಲಿಲ್ಲ. ಕ್ಯಾಲೆಂಡರ್‌ನಲ್ಲಿ ಅಂಕ ಹಾಕುವುದು ಮಾತ್ರ ಈ ವರ್ಷವೂ ನಡೆದಿದೆ.